ಮೌನಕ್ಕೆ ಮೂರೂವರೆ ಲಕ್ಷ

ಬೀದರಿನ ಚಿದ್ರಿಯಲ್ಲಿ ರೇಡಿಯೊ ರಿಪೇರಿ ಮಾಡಿಕೊಂಡಿದ್ದ ಮಚ್ಛೇಂದ್ರನಿಗೆ ಬಂಗಾರ ಹುಡುಕುವ ಯಂತ್ರಗಳ ಬೆಲೆ ಕಟ್ಟುವ ಕೆಲಸ ತಾನಾಗಿಯೇ ಅಂಟಿಕೊಂಡಿತು. ಹೈದರಾಬಾದಿನ ಒಬ್ಬರು ಕೆಟ್ಟುಹೋದ ಯಂತ್ರ ತಂದಿದ್ದರು, ಸರಿಮಾಡಿ ಕೊಟ್ಟ. ಅಂದಿನಿಂದ ಹಳೆಯ ಯಂತ್ರ ಕೊಳ್ಳುವವರೂ ಮಾರುವವರೂ ಅವನ ಮಾತಿಗೆ ಕಾಯತೊಡಗಿದರು.

ಬೀದರಿನ ಕೆಮ್ಮಣ್ಣಿನಲ್ಲಿ ಕಬ್ಬಿಣ ಹೆಚ್ಚು. ಹತ್ತಿಪ್ಪತ್ತು ಸಾವಿರದ ಯಂತ್ರಗಳು ಈ ನೆಲದ ಮೇಲೆ ಹೆಜ್ಜೆಹೆಜ್ಜೆಗೂ ಚೀರುತ್ತವೆ. ಐದಾರು ಲಕ್ಷದ್ದು ಮಣ್ಣನ್ನು ಮಣ್ಣೆಂದು ಬಿಟ್ಟು ಬಂಗಾರಕ್ಕಷ್ಟೇ ಬಾಯಿ ತೆರೆಯುತ್ತದೆ. "ನೀವು ರೊಕ್ಕ ಕೊಡೋದು ಸಪ್ಪಳಕ್ಕಲ್ರಿ, ಸುಮ್ಕಿರೋದಕ್ಕ," ಎಂದು ಮಚ್ಛೇಂದ್ರ ಗಿರಾಕಿಗಳಿಗೆ ಹೇಳುತ್ತಿದ್ದ. ಬೆಲೆಯ ಮಾತಿನಲ್ಲಿ ಅವನು ಎಂದೂ ಸುಳ್ಳಾಡಿದವನಲ್ಲ.

೨೦೧೬ರ ಬೇಸಿಗೆಯಲ್ಲಿ ಭಾಲ್ಕಿಯ ವ್ಯಾಪಾರಿ ಮಡೆಪ್ಪ ಅಂಥದೊಂದು ಯಂತ್ರವನ್ನು ಪರೀಕ್ಷೆಗೆಂದು ತಂದ. ಹೊಸದಕ್ಕೆ ಆರು ಲಕ್ಷ; ಹೈದರಾಬಾದಿನ ಮಾರಾಟಗಾರ ಈ ಹಳೆಯದನ್ನು ಮೂರೂವರೆಗೆ ಕೊಡುತ್ತೇನೆ ಎಂದಿದ್ದ. ಇಬ್ಬರೂ ಜೀಪಿನಲ್ಲಿ ಔರಾದ ದಾಟಿ ಗಡಿಯ ಕಡೆಯ ಒಂದು ವಾಡಿಗೆ ಹೋದರು. ಹನ್ನೆರಡು ಮನೆಗಳ ಊರು. ಬಾವಿ ಬತ್ತಿದ ಮೇಲೆ ಹನ್ನೊಂದು ಮನೆಯವರು ಬೀಗ ಹಾಕಿ ಹೈದರಾಬಾದಿಗೂ ಪುಣೆಗೂ ಕೂಲಿಗೆ ಹೋಗಿದ್ದರು.

ನಡುಮಧ್ಯಾಹ್ನ. ಒಂದು ನಾಯಿಯೂ ಬೊಗಳಲಿಲ್ಲ. ಮಚ್ಛೇಂದ್ರ ಓಣಿಯುದ್ದಕ್ಕೂ ಯಂತ್ರ ಆಡಿಸುತ್ತ ನಡೆದ. ಕೆಂಪು ನೆಲದ ಮೇಲೆ ಅದು ಉಸಿರೆತ್ತಲಿಲ್ಲ. ಅಸಲಿ ಮಾಲು ಎಂದು ಅವನಿಗೆ ಆಗಲೇ ಗೊತ್ತಾಯಿತು. ಮೊದಲ ಮನೆಯ ಹೊಸ್ತಿಲ ಬಳಿ ಬಂದಾಗ ಮಾತ್ರ ಸಣ್ಣಗೆ, ಉದ್ದಕ್ಕೆ ಕೂಗಿತು. ಎರಡನೆಯ ಹೊಸ್ತಿಲಲ್ಲೂ ಅದೇ ಕೂಗು. ಮೂರನೆಯದರಲ್ಲೂ.

"ಯಾರ್ರಿ ಅದು?"

ಹಿಂದೆ ಒಬ್ಬ ಹೆಂಗಸು ನಿಂತಿದ್ದಳು. ಸೊಂಟದ ತುಂಬ ಬೀಗದಕೈ. ಹೆಸರು ಕೇಶರಬಾಯಿ, ಗಂಡ ಮಕ್ಕಳಿಲ್ಲದವಳು, ಎರಡು ಆಡು ಕಟ್ಟಿಕೊಂಡು ಊರಿನ ಮನೆಗಳನ್ನು ಕಾಯುತ್ತಿದ್ದಳು.

"ಮಶೀನ್ ಪರೀಕ್ಷಾ ಮಾಡಾಕ ಬಂದೀವ್ರಿ, ಅಕ್ಕಾ. ಹೊಸ್ತಿಲ ಕೆಳಗ ಏನೈತಿ?" ಎಂದ ಮಚ್ಛೇಂದ್ರ.

"ತಾಳಿಯ ಬಂಗಾರದ ಗುಂಡು, ತಮ್ಮಾ. ಹೋಗೋ ಮುಂದ ಮನಿಗೊಂದು ಹುಗಿದು ಹೋಗ್ಯಾರ. ತಿರುಗಿ ಬರ್ತೇವಿ ಅಂತ ಮನಿಗಿ ಕೊಟ್ಟ ಮಾತು ಅದು." ಅವಳಿಗೆ ಆ ಕೂಗು ಖುಷಿ ಕೊಟ್ಟಿತ್ತು. ಎಷ್ಟೋ ತಿಂಗಳಿಂದ ಓಣಿಯಲ್ಲಿ ಬೇರೆ ದನಿ ಕೇಳಿರಲಿಲ್ಲ. "ಎಲ್ಲಾ ಮನಿದೂ ಕೇಳ್ಸು," ಎಂದು ಜೊತೆಗೇ ಬಂದಳು.

ಮಡೆಪ್ಪನ ಕಣ್ಣು ಬೇರೆಯೇ ಆಗಿತ್ತು. ಮಚ್ಛೇಂದ್ರನ ಕಿವಿಗೆ ಬಾಗಿ, "ಮಿಸ್ತ್ರಿ, ಇಂಥಾ ಖಾಲಿ ವಾಡಿ ತಾಲೂಕದಾಗ ಎಷ್ಟ ಅವ? ಮೂರೂವರೆ ಏನು, ನಾಕೂ ಕೊಡಬಹುದು," ಎಂದ.

ಮಚ್ಛೇಂದ್ರ ಅವನಿಂದ ಸರಿದು ನಿಂತ. ಉಳಿದ ಹೊಸ್ತಿಲುಗಳಿಗೂ ಯಂತ್ರ ಆಡಿಸುತ್ತ ನಡೆದ; ಎಲ್ಲ ಕಡೆಯೂ ಕೂಗಿತು. ಕೊನೆಯದು, ಗಂಡನ ಜೊತೆ ಹೈದರಾಬಾದಿಗೆ ಹೋದ ಶಾಲುಬಾಯಿಯ ಮನೆ ಎಂದಳು ಕೇಶರಬಾಯಿ. ಅಲ್ಲಿ ಯಂತ್ರ ಕೂಗಲಿಲ್ಲ. ಎರಡು ಸಲ ಆಡಿಸಿದ, ಮೂರು ಸಲ ಆಡಿಸಿದ. ಇಲ್ಲ.

"ಇಲ್ಲೂ ಐತಿ. ನನ್ನ ಕೈಯಾರೆ ಇಟ್ಟೀನಿ," ಎಂದು ಕೇಶರಬಾಯಿ ಕುಳಿತು ಕೆದಕಿದಳು. ಗೇಣು ಆಳದಲ್ಲಿ ಅರಿವೆ ಗಂಟು. ಅದರೊಳಗೆ ಗುಂಡು ಫಳಫಳ ಹೊಳೆಯುತ್ತಿತ್ತು. ಮಚ್ಛೇಂದ್ರ ಅದನ್ನು ಯಂತ್ರದ ತಟ್ಟೆಗೇ ಮುಟ್ಟಿಸಿದ. ಯಂತ್ರದಿಂದ ಸಣ್ಣ ಸದ್ದೂ ಬರಲಿಲ್ಲ. ಆ ಮೌನ ಯಂತ್ರದ್ದಲ್ಲ ಎಂದು ಅವನಿಗೆ ಅನ್ನಿಸಿತು.

ಆದರೂ ಎದ್ದು ನಿಂತು ಮಡೆಪ್ಪನಿಗೆ ಹೇಳಿದ: "ನೋಡ್ರಿ, ಬಂಗಾರ ಹಚ್ಚಿದ್ರೂ ಕೂಗವಲ್ದು. ಖೋಟಾ ಮಾಲು. ಎಂಟು ಸಾವಿರಕ್ಕ ಭಾರ."

"ಆ ಮನಿಗೋಳದಾಗ ಕೂಗ್ತಲ್ರಿ?"

"ಕೆಮ್ಮಣ್ಣಿನಾಗ ಖೋಟಾ ಎಲ್ಲಿ ಬೇಕಲ್ಲಿ ಕೂಗತೈತ್ರಿ. ನಿಮಗ ಗೊತ್ತಿಲ್ಲೇನು?"

ಮಡೆಪ್ಪ ಯಂತ್ರ ಮಾರುವವನಿಗೆ ಬೈಯುತ್ತ ಜೀಪಿನ ಕಡೆ ಹೋದ. ಮಚ್ಛೇಂದ್ರ ಗುಂಡನ್ನು ಇದ್ದಲ್ಲೇ ಹುಗಿದು ಯಂತ್ರ ಎತ್ತಿಕೊಳ್ಳುವಾಗ, ಪಕ್ಕದಲ್ಲಿ ಬಾಗಿದ್ದ ಕೇಶರಬಾಯಿಯ ಬಂಗಾರದ ಮೂಗುನತ್ತು ತಟ್ಟೆಯ ಹತ್ತಿರ ಬಂತು. ಯಂತ್ರ ಗಟ್ಟಿಯಾಗಿ ಕೂಗಿತು.

ಕೇಶರಬಾಯಿ ಮೂಗುನತ್ತು ಮುಟ್ಟಿಕೊಂಡಳು.

"ಅಂದ್ರ ಮಶೀನ್ ಚೊಲೋ ಐತಿ," ಎಂದಳು ಅವಳು. "ಶಾಲುಬಾಯಿಗಿ ಒಂದು ಫೋನ್ ಹಚ್ಚು, ತಮ್ಮಾ."

ಅವಳು ಸೆರಗಿನ ಚೀಟಿಯಿಂದ ಓದಿಸಿದ ನಂಬರು ಬಂದ್ ಆಗಿತ್ತು.

ಐದನೆಯ ದಿನ ಸುದ್ದಿ ಬಂತು. ಹೈದರಾಬಾದಿನಲ್ಲಿ ಪಾಯ ತೋಡುವಾಗ ಮಣ್ಣು ಕುಸಿದು ಶಾಲುಬಾಯಿಯೂ ಅವಳ ಗಂಡನೂ ಹೋಗಿದ್ದರು. ಇವರು ವಾಡಿಗೆ ಹೋದ ದಿನಕ್ಕೆ ಅವರು ಸತ್ತು ಒಂದು ದಿನವಾಗಿತ್ತು. ಗುರುತು ಸಿಗದೆ ಸುದ್ದಿ ತಡವಾಗಿತ್ತು. ಚಿದ್ರಿಯ ಅಂಗಡಿಗೆ ಬಂದು ಅದನ್ನು ಹೇಳಿದವಳು ಕೇಶರಬಾಯಿಯೇ. ಎರಡು ಬಸ್ಸು ಬದಲಿಸಿ ಬಂದಿದ್ದಳು. ಅಳಲಿಲ್ಲ. "ಮನಿಗಿ ನಮಗಿಂತ ಮೊದಲ ಗೊತ್ತಾಗಿತ್ತು ನೋಡು," ಎಂದಳಷ್ಟೇ.

ಆ ಯಂತ್ರ ಮುಂದೆ ಬೇರೆಯವರಿಗೆ ನಾಲ್ಕು ಲಕ್ಷಕ್ಕೆ ಹೋಯಿತು. ಮಚ್ಛೇಂದ್ರನಿಗೆ ಅಸಲಿ ನಕಲಿ ತಿಳಿಯುವುದಿಲ್ಲವೆಂದು ಮಡೆಪ್ಪ ಕಂಡವರಿಗೆಲ್ಲ ಹೇಳಿದ. ಯಂತ್ರ ತರುವವರು ನಿಂತರು. ಹೆಂಡತಿ ಅನುಸೂಯಾಬಾಯಿ ಒಮ್ಮೆ ಕೇಳಿದಾಗ ಮಚ್ಛೇಂದ್ರ ನಡೆದದ್ದನ್ನೆಲ್ಲ ಹೇಳಿದ. ಅವಳು ಬೈಯಲಿಲ್ಲ; ಮರುದಿನದಿಂದ ಹೊಲಿಗೆ ಹಿಡಿದಳು. ಅವನು ಮಿಕ್ಸರ್, ಫ್ಯಾನು ರಿಪೇರಿಗೆ ಕುಳಿತ.

ಆ ವರ್ಷ ಮಳೆಗಾಲದ ಕೊನೆಗೆ ಮಳೆ ಹಿಡಿಯಿತು. ಹತ್ತು ಮನೆಯವರು ಒಬ್ಬೊಬ್ಬರಾಗಿ ಹಿಂದಿರುಗಿ, ಹೊಸ್ತಿಲು ಕೆದಕಿ, ಗುಂಡು ತೊಳೆದು ಕೊರಳಿಗೆ ಕಟ್ಟಿಕೊಂಡರು. ಹನ್ನೊಂದನೆಯದನ್ನು ಒಯ್ಯಲು ಶಾಲುಬಾಯಿಯ ಮೈದುನ ಬಂದ. ಕೇಶರಬಾಯಿ ಹೊಸ್ತಿಲಿಗೆ ಅಡ್ಡ ಕುಳಿತು, ಅದು ಶಾಲುಬಾಯಿ ಮನೆಗೆ ಕೊಟ್ಟ ಮಾತೆಂದು, ಕೆದಕಲು ಬಿಡಲಿಲ್ಲ, ಬೀಗದಕೈಯನ್ನೂ ಕೊಡಲಿಲ್ಲ. ಅವನು ಸಂಜೆಯವರೆಗೆ ಜಗಳಾಡಿ, ಬರಿಗೈಯಲ್ಲಿ ಔರಾದದ ಬಸ್ಸು ಹತ್ತಿದ.