ಉಡಿಯೊಳಗೊಂದು ಗುಳಿಗೆ

ತಿಕೋಟಾದ ದ್ರಾಕ್ಷಿ ತೋಟಗಳ ಮೇಲೆ ಇನ್ನೂ ಸರಿಯಾಗಿ ಬೆಳಕು ಬಿದ್ದಿಲ್ಲ. ಮುರಿಗೆವ್ವ ಆಗಲೇ ಎರಡು ತೋಟದ ಮನೆಗಳನ್ನು ಮುಗಿಸಿ ಮೂರನೆಯದರ ಅಂಗಳದಲ್ಲಿ ನಿಂತಿದ್ದಾರೆ. ಗುಲಾಬಿ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಒಲೆಯ ಮುಂದೆ ರೊಟ್ಟಿ ಬಡಿಯುತ್ತಿರುವ ಬಸುರಿಯನ್ನು ಮಾತಿಗೆ ಎಳೆಯುತ್ತಾರೆ. ಕಾಲು ಬಾತಿವೆಯೇ, ಕೂಸು ಒದೆಯುತ್ತಿದೆಯೇ, ಕಬ್ಬಿಣದ ಗುಳಿಗೆ ನುಂಗಿದೆಯೋ ಇಲ್ಲ ದಿಂಬಿನ ಕೆಳಗೆ ಬಚ್ಚಿಟ್ಟೆಯೋ ಎಂದು ವಿಚಾರಿಸುತ್ತಾರೆ. ಕೊಟ್ಟ ಚಹಾ ಮುಗಿಯುವ ಹೊತ್ತಿಗೆ, ಈಗಷ್ಟೇ ನೆನಪಾಯಿತು ಎಂಬಂತೆ ಇನ್ನೊಂದು ಪ್ರಶ್ನೆ ಬರುತ್ತದೆ: "ಮನಸ್ಸು ಹ್ಯಾಂಗೈತಿ ತಂಗಿ?"

ಮುರಿಗೆವ್ವ ಆಶಾ ಕಾರ್ಯಕರ್ತೆ. ವಯಸ್ಸು ಐವತ್ತರ ಆಸುಪಾಸು. ಸುಮಾರು ಸಾವಿರ ಜನರ ಜವಾಬ್ದಾರಿ ಇವರ ಹೆಗಲ ಮೇಲಿದೆ. ಯಾವ ಕಾಲದಲ್ಲಿ ಕೇಳಿದರೂ ಅವರಲ್ಲಿ ಹತ್ತು ಹದಿನೈದು ಬಸುರಿಯರು ಇದ್ದೇ ಇರುತ್ತಾರೆ. ಹೊತ್ತು ಏರುವ ಮುನ್ನವೇ ಹೆಣ್ಣುಮಕ್ಕಳು ತೋಟದ ಕೆಲಸಕ್ಕೆ ಹೊರಟುಬಿಡುವುದರಿಂದ ನಸುಕಿನಲ್ಲೇ ಸುತ್ತಬೇಕು. ತಡವಾಗಿ ಹೋದರೆ ಮಾತಿಗೆ ಸಿಗುವುದು ಕಟ್ಟಿಹಾಕಿದ ನಾಯಿ ಮಾತ್ರ.

ಈ ಕೆಲಸಕ್ಕೆ ಸೇರುವ ಮೊದಲು ಮುರಿಗೆವ್ವ ಕೂಡ ದ್ರಾಕ್ಷಿ ತೋಟದ ಕೂಲಿಯೇ. ಹತ್ತನೆಯ ತರಗತಿ ಪಾಸಾಗಿದ್ದ ಸೊಸೆ ಸುತ್ತಲಿನ ಮನೆಗಳಲ್ಲಿ ಇವರೊಬ್ಬರೇ ಇದ್ದರು, ಹಾಗಾಗಿ ಕೆಲಸ ತಾನಾಗಿ ಮನೆಗೆ ಬಂತು. ಗಂಡ ಶಿವಶರಣಪ್ಪ ತಿಕೋಟಾ–ವಿಜಯಪುರದ ನಡುವೆ ಟಂಟಂ ಆಟೋ ಓಡಿಸುತ್ತಾರೆ. ಹೆರಿಗೆ ನೋವು ಬಂದವರನ್ನು ಹೊತ್ತಲ್ಲದ ಹೊತ್ತಿನಲ್ಲಿ ದವಾಖಾನೆ ಮುಟ್ಟಿಸಿದ ಕೀರ್ತಿ ಅರ್ಧ ಅವರದು. ಹೆಂಡತಿಯ ಬಗ್ಗೆ ಕೇಳಿದರೆ, ಮನೆಯಲ್ಲಿ ಸಿಗದವರ ಬಗ್ಗೆ ನಾನೇನು ಹೇಳಲಿ ಎಂದು ನಗುತ್ತಾರೆ.

ಮನಸ್ಸಿನ ವಿಷಯ ಕೇಳಲು ಶುರುಮಾಡಿದಾಗ ಮುರಿಗೆವ್ವನ ಬಗ್ಗೆ ಊರಲ್ಲಿ ಗುಸುಗುಸು ಎದ್ದಿತ್ತು. ಹುಚ್ಚರ ಗುಳಿಗೆ ಕೊಡಿಸುವವಳು ಬಂದಳು ಎಂದು ಬಾಗಿಲು ಹಾಕಿಕೊಂಡವರಿದ್ದರು. ಒಂದು ಮನೆಯ ಹಿರಿಯರು ಬೇಸಿಗೆಯ ಬಿಸಿಲಲ್ಲಿ ಕುಡಿಯಲು ನೀರೂ ಕೊಡದೆ ಕಳಿಸಿದ್ದರು. ಇವರೇನೂ ಮುನಿಸಿಕೊಳ್ಳಲಿಲ್ಲ, ಮರುವಾರ ಅದೇ ಮನೆಗೆ ನೀರಿನ ಬಾಟಲಿ ಹಿಡಿದುಕೊಂಡೇ ಹೋದರು.

"ನಾ ಏನ್ ಡಾಕ್ಟರ್ ಅಲ್ರಿ. ಗುಳಿಗಿ ತಗೋ ಅನ್ನೂದೂ ನನ್ನ ಕೆಲಸಲ್ಲ, ಬಿಡು ಅನ್ನೂದೂ ನನ್ನ ಕೆಲಸಲ್ಲ. ಡಾಕ್ಟರ್ನ ಕೇಳಲಾರದ ಬಿಡಬ್ಯಾಡ್ರವ್ವಾ ಅನ್ನೂದಷ್ಟ ನನ್ನ ಕೆಲಸ" ಎನ್ನುತ್ತಾರೆ.

ಆ ಮಾತಿನ ಹಿಂದೆ ಒಂದು ನೋವಿದೆ. ಕೆಲವು ವರ್ಷಗಳ ಹಿಂದೆ ಇವರು ನೋಡಿಕೊಳ್ಳುವ ಮನೆಗಳ ಸೊಸೆಯೊಬ್ಬಳು ಕುಬಸ, ಅಂದರೆ ಸೀಮಂತ, ಮುಗಿಸಿಕೊಂಡು ತೊರವಿಯ ತವರಿಗೆ ಹೋದಳು. ಖಿನ್ನತೆಗೆ ಡಾಕ್ಟರರು ಬರೆದುಕೊಟ್ಟಿದ್ದ ಗುಳಿಗೆ ಗಂಡನ ಮನೆಯ ಗೂಡಿನಲ್ಲೇ ಉಳಿಯಿತು. ಮರೆತು ಅಲ್ಲ, ಬೇಕೆಂದೇ. ಗಂಡನ ಮನೆಯಿಂದ ಔಷಧಿ ಹೊತ್ತುಕೊಂಡು ತವರಿನ ಹೊಸ್ತಿಲು ದಾಟಿದರೆ ರೋಗವೂ ಬೆನ್ನು ಹತ್ತಿ ಬರುತ್ತದೆ ಎಂಬ ನಂಬಿಕೆ ಆ ಮನೆಗಳಲ್ಲಿತ್ತು. ಕೆಲವೇ ವಾರಗಳಲ್ಲಿ ಹುಡುಗಿ ಊಟ ಬಿಟ್ಟಳು, ಗೋಡೆಗೆ ಮುಖ ಮಾಡಿ ಮಲಗಿದಳು. ಕೂಸು ಚೆನ್ನಾಗಿಯೇ ಹುಟ್ಟಿತು. ತಾಯಿ ಅದನ್ನು ಎತ್ತಿಕೊಳ್ಳಲು ತಿಂಗಳುಗಳೇ ಹಿಡಿದವು. ಇವತ್ತು ಅವರಿಬ್ಬರೂ ಆರಾಮ. ಆದರೂ ಆ ಮಾತು ಬಂದಾಗ ಮುರಿಗೆವ್ವನ ದನಿ ತಗ್ಗುತ್ತದೆ.

ಅದಕ್ಕೇ ಸುಧಾರಾಣಿ ಬಸಿರಾದಾಗ ಇವರಿಗೆ ನಿದ್ದೆ ಹಾರಿಹೋಗಿತ್ತು. ಸುಧಾರಾಣಿ ಬಬಲೇಶ್ವರದ ಮಗಳು, ಇಲ್ಲಿನ ಕುರಿಗಾರ ಅಮೋಘಸಿದ್ದನ ಹೆಂಡತಿ. ಮದುವೆಯಾದ ಮರುವರ್ಷವೇ ಖಿನ್ನತೆ ಹಿಡಿದು, ವಿಜಯಪುರದ ಜಲನಗರದಲ್ಲಿರುವ ಮನೋವೈದ್ಯೆ ಶೈಲಾ ಅವರ ಗುಳಿಗೆಯಿಂದ ಗೆಲುವಾಗಿದ್ದಳು. ಬಸಿರು ಎಂದು ಗೊತ್ತಾದ ದಿನವೇ ಕೂಸಿಗೆ ಏನಾದರೂ ಆದೀತೆಂದು ತಾನಾಗಿಯೇ ಗುಳಿಗೆ ಬಿಟ್ಟಳು. ಒಂದು ನಸುಕಿನಲ್ಲಿ ಮುರಿಗೆವ್ವ ಹೋದಾಗ, ಬುಟ್ಟಿಯಡಿ ಮುಚ್ಚಿಟ್ಟ ಕುರಿಮರಿಗಳು ಹಸಿದು ಒಂದೇ ಸಮನೆ ಅರಚುತ್ತಿದ್ದವು. ಪಕ್ಕದಲ್ಲೇ ಕೂತಿದ್ದ ಸುಧಾರಾಣಿಗೆ ಬುಟ್ಟಿ ಎತ್ತುವಷ್ಟೂ ಮನಸ್ಸಿರಲಿಲ್ಲ. ಮರಿಗಳನ್ನು ತಾಯಿಗೆ ಬಿಟ್ಟು, ಸುಧಾರಾಣಿಯನ್ನು ಶಿವಶರಣಪ್ಪನವರ ಟಂಟಂನಲ್ಲಿ ಕೂರಿಸಿಕೊಂಡು ಮುರಿಗೆವ್ವ ಸೀದಾ ಜಲನಗರಕ್ಕೆ ಹೊರಟರು.

ಖಿನ್ನತೆಯ ಗುಳಿಗೆ ತೆಗೆದುಕೊಳ್ಳುವವರು ಬಸಿರಾದರೆ ಮೊದಲು ವೈದ್ಯರ ಹತ್ತಿರ ಬರಬೇಕು, ಒಮ್ಮೆಲೇ ನಿಲ್ಲಿಸಬಾರದು ಎನ್ನುತ್ತಾರೆ ಡಾ. ಶೈಲಾ. ಹಲವು ಗುಳಿಗೆಗಳನ್ನು ಬಸಿರಿನಲ್ಲೂ ಮುಂದುವರಿಸಬಹುದು, ಕೆಲವನ್ನು ಬದಲಿಸಬೇಕಾಗಬಹುದು. ಯಾರಿಗೆ ಯಾವುದು, ಎಷ್ಟು ಎಂಬುದನ್ನು ಅವರವರನ್ನು ನೋಡಿಯೇ ತೀರ್ಮಾನಿಸಬೇಕು. ಅಪಾಯ ಒಂಚೂರೂ ಇಲ್ಲ ಎಂದು ಅವರು ಹೇಳುವುದಿಲ್ಲ. ಆದರೆ ಖಿನ್ನತೆಯನ್ನು ಹಾಗೇ ಬಿಟ್ಟರೆ ತಾಯಿಗೂ ಕೂಸಿಗೂ ಆಗುವ ತೊಂದರೆಯನ್ನೂ ಲೆಕ್ಕಕ್ಕೆ ಹಿಡಿಯಬೇಕಲ್ಲ ಎಂದು ಕೇಳುತ್ತಾರೆ. ಹೆರಿಗೆ ವೈದ್ಯರ ಜೊತೆಗೂ ಮಾತಾಡಿ ಅವರು ಸುಧಾರಾಣಿಗೆ ಗುಳಿಗೆಯನ್ನು ಮತ್ತೆ ಶುರುಮಾಡಿದರು. ಬರಬರುತ್ತ ಹುಡುಗಿ ಚೇತರಿಸಿಕೊಂಡಳು. ಅತ್ತೆ ಬೋರವ್ವನ ಜೊತೆ ಸಾರಿನ ಉಪ್ಪಿಗೆ ಜಗಳಾಡುವಷ್ಟು ಹುಷಾರಾದಳು ಎಂದು ಮುರಿಗೆವ್ವ ಖುಷಿಯಿಂದ ಹೇಳುತ್ತಾರೆ.

ಮುಂದೆ ಕುಬಸ ಬಂತು. ಅದು ಮುಗಿದರೆ ಹುಡುಗಿ ಹೆರಿಗೆಗೆ ಬಬಲೇಶ್ವರಕ್ಕೆ. ಅಲ್ಲಿ ಮುರಿಗೆವ್ವನ ಮಾತು ನಡೆಯುವುದಿಲ್ಲ. ಅದಕ್ಕಿಂತ ದೊಡ್ಡ ತೊಡಕೆಂದರೆ, ಮಗಳು ಇಂಥ ಗುಳಿಗೆ ನುಂಗುತ್ತಾಳೆ ಎಂಬುದೇ ತವರಿಗೆ ಗೊತ್ತಿರಲಿಲ್ಲ. ತಾಯಿ ಭೀಮಾಬಾಯಿಯ ಮುಂದೆ ಹೇಳಲು ಸುಧಾರಾಣಿಗೆ ಬಾಯಿ ಬರುತ್ತಿಲ್ಲ. ಮುಚ್ಚಿಟ್ಟರೆ ತೊರವಿಯ ಕತೆಯೇ ಇಲ್ಲೂ ಆಗುತ್ತದೆ. ಕುಬಸದ ಹಿಂದಿನ ದಿನ ಮುರಿಗೆವ್ವ ಒಂದು ಉಪಾಯ ಹೇಳಿದರು. ಹೆದರುತ್ತಲೇ ಹುಡುಗಿ ಒಪ್ಪಿದಳು.

ಹಸಿರು ಸೀರೆ ಉಟ್ಟು, ಕೈತುಂಬ ಹಸಿರು ಬಳೆ ತೊಟ್ಟು ಸುಧಾರಾಣಿ ಮಣೆಯ ಮೇಲೆ ಕೂತಿದ್ದಳು. ಮುತ್ತೈದೆಯರು ಒಬ್ಬೊಬ್ಬರಾಗಿ ಉಡಿ ತುಂಬಿದರು: ಅಕ್ಕಿ, ಉತ್ತತ್ತಿ, ಕೊಬ್ಬರಿ ಬಟ್ಟಲು, ಅರಿಶಿನ ಕೊಂಬು. ಮುರಿಗೆವ್ವನ ಸರದಿ ಬಂದಾಗ ಅಕ್ಕಿಯ ಜೊತೆಗೆ ಖಣದ ಬಟ್ಟೆಯ ತುಂಡಿನಲ್ಲಿ ಸುತ್ತಿದ್ದ ಗುಳಿಗೆಯ ಪಟ್ಟಿಯೂ ಉಡಿಗೆ ಬಿತ್ತು. ಬೋರವ್ವ ಕಣ್ಣು ಕೆಂಪಗೆ ಮಾಡಿದರು.

"ಉಡ್ಯಾಗ ಯಾರರ ಗುಳಿಗಿ ಹಾಕ್ತಾರೇನ ಬೇ?"

"ಉತ್ತತ್ತಿ ಯಾಕ ಹಾಕ್ತೀಯತ್ತಿ? ಹುಡಿಗಿ ಗಟ್ಟಿ ಇರ್ಲಿ ಅಂತ ಹೌದಲ್ಲೋ? ನಾನೂ ಅದಕ್ಕ ಹಾಕಾಕತ್ತೇನಿ" ಎಂದರು ಮುರಿಗೆವ್ವ.

ಬೋರವ್ವ ಅಕ್ಕಿಯ ತಟ್ಟೆಯನ್ನು ಮುಂದಿನ ಮುತ್ತೈದೆಯ ಕೈಗೆ ಕೊಟ್ಟರು. ಸೊಸೆ ಬುಟ್ಟಿಯ ಪಕ್ಕ ಕೂತಿದ್ದ ಆ ದಿನಗಳನ್ನು ಅವರೂ ಕಂಡವರೇ. ತುಂಬಿದ ಉಡಿಯಿಂದ ಯಾವುದನ್ನೂ ತೆಗೆದು ಬಿಸಾಡುವ ಪದ್ಧತಿ ಇಲ್ಲ. ತವರಿನ ದೇವರ ಮುಂದೆ ತಾಯಿಯೇ ಅದನ್ನು ಬಿಚ್ಚಬೇಕು. ಹುಡುಗಿ ತವರು ಸೇರಿದ ಆ ರಾತ್ರಿ ಮುರಿಗೆವ್ವ ಫೋನನ್ನು ಎದೆಯ ಮೇಲೆ ಇಟ್ಟುಕೊಂಡೇ ಮಲಗಿದ್ದರಂತೆ.

ಬಬಲೇಶ್ವರದಲ್ಲಿ ನಡೆದದ್ದನ್ನು ಭೀಮಾಬಾಯಿಯ ಬಾಯಿಂದಲೇ ಕೇಳಬೇಕು. ಉತ್ತತ್ತಿಯ ನಡುವೆ ಗುಳಿಗೆ ಕಂಡು ಮೊದಲು ಗಾಬರಿಯಾದರಂತೆ. ಯಾರದಿದು ಎಂದಾಗ ಮಗಳು ಅತ್ತುಕೊಂಡು ಎಲ್ಲವನ್ನೂ ಹೇಳಿದಳಂತೆ. "ನನಗ ಸಿಟ್ಟು ಬಂತ್ರಿ. ಗುಳಿಗಿ ತಗೊಂಡಾಳ ಅಂತಲ್ಲ, ಹಡದಾಕಿಗೆ ಹೇಳಿಲ್ಲಲ್ಲ ಅಂತ. ಉಡ್ಯಾಗ ಬಂದದ್ದು ಹೊರಗ ಒಗ್ಯಾಕ ಬರ್ತೈತೇನ್ರಿ?" ಎಂದು ನಮ್ಮನ್ನೇ ಕೇಳುತ್ತಾರೆ. ಹಾಗಂತ ಭೀಮಾಬಾಯಿ ಅಷ್ಟಕ್ಕೆ ಬಿಡುವ ಪೈಕಿಯಲ್ಲ. ಎರಡು ದಿನ ಕಳೆದು ಮಗಳನ್ನು ಕರೆದುಕೊಂಡು ಬಸ್ಸು ಹತ್ತಿ ಜಲನಗರಕ್ಕೆ ಹೋದರು. ಗುಳಿಗೆ ಉಷ್ಣವೇ, ಕೂಸು ಕಪ್ಪಾಗುತ್ತದೆಯೇ, ಮೊಲೆಹಾಲು ಕುಡಿಸಬಹುದೇ ಎಂದು ವೈದ್ಯೆಯನ್ನು ಅರ್ಧ ತಾಸು ಗೋಳುಹೊಯ್ದುಕೊಂಡರು. ಉಷ್ಣವೂ ಇಲ್ಲ, ಕಪ್ಪೂ ಆಗುವುದಿಲ್ಲ, ಈ ಗುಳಿಗೆ ನುಂಗುತ್ತಲೇ ಹಾಲು ಕುಡಿಸಬಹುದು. ಹೆರಿಗೆ ಮಾತ್ರ ದವಾಖಾನೆಯಲ್ಲೇ ಆಗಲಿ, ಕೂಸನ್ನು ಕೆಲವು ದಿನ ಗಮನಿಸಬೇಕು ಎಂದು ಡಾ. ಶೈಲಾ ಹೇಳಿ ಕಳಿಸಿದರು. ಅವತ್ತಿನಿಂದ ಊಟವಾದ ಕೂಡಲೇ ಗುಳಿಗೆ ನೆನಪಿಸುವ ಅಧಿಕಾರವನ್ನು ಭೀಮಾಬಾಯಿ ಯಾರಿಗೂ ಬಿಟ್ಟುಕೊಟ್ಟಿಲ್ಲ.

ವಿಜಯಪುರದಲ್ಲಿ ಹೆರಿಗೆಯಾಯಿತು. ಹೆಣ್ಣು ಕೂಸು. ಮೊದಲ ಎರಡು ದಿನ ಒಂದಿಷ್ಟು ಕಿರಿಕಿರಿ ಮಾಡಿತು, ವೈದ್ಯರು ಕಣ್ಣಿಟ್ಟು ನೋಡಿಕೊಂಡರು, ಆಮೇಲೆ ಹಾಲು ಕುಡಿದು ನಿದ್ದೆಹೋಯಿತು. ಸುಧಾರಾಣಿ ಮಗಳನ್ನು ಕೆಳಗಿಳಿಸಲು ಒಲ್ಲೆ ಎನ್ನುತ್ತಿದ್ದಾಳೆ ಎಂದು ಫೋನಿನಲ್ಲಿ ಕೇಳಿ ಮುರಿಗೆವ್ವ ಅಡುಗೆಮನೆಯಲ್ಲಿ ನಿಂತೇ ಅತ್ತರಂತೆ. ಇದನ್ನು ನಮಗೆ ಹೇಳಿದ್ದು ಶಿವಶರಣಪ್ಪ.

ಕಳೆದ ವಾರ ಬಬಲೇಶ್ವರದಲ್ಲಿ ತೊಟ್ಟಿಲ ಕಾರ್ಯ. ಮುರಿಗೆವ್ವನ ಜೊತೆ ನಾನೂ ಟಂಟಂ ಹತ್ತಿದೆ. ಪಡಸಾಲೆಯ ತುಂಬ ಹೆಂಗಸರು, ಕಾಲಿಡಲು ಜಾಗವಿಲ್ಲ. ಕೂಸಿಗೆ ಕಾವ್ಯಾ ಎಂದು ಹೆಸರಿಟ್ಟಾಯಿತು, ಊಟವೂ ಆಯಿತು, ಬೇಯಿಸಿದ ಕಾಳಿನ ಗುಗ್ಗರಿ ಹಂಚಲು ಶುರುವಾಯಿತು. ಬೋರವ್ವನೂ ಭೀಮಾಬಾಯಿಯೂ ಕೂಸಿನ ಮೂಗು ಯಾರ ಕಡೆಯದು ಎಂದು ವಾದಕ್ಕಿಳಿದಿದ್ದರು. ಆ ಗದ್ದಲದ ನಡುವೆ ತೊಟ್ಟಿಲ ಪಕ್ಕದಿಂದ ಸುಧಾರಾಣಿ ಎಲ್ಲರಿಗೂ ಕೇಳುವಂತೆ ಕೂಗಿದಳು:

"ಯವ್ವಾ, ನನ್ನ ಮನಸ್ಸಿನ ಗುಳಿಗಿ ಕೊಡು, ಜೋಡಿ ಒಂದು ತಂಬಿಗಿ ನೀರು ತಾ."

ಭೀಮಾಬಾಯಿ ವಾದ ನಿಲ್ಲಿಸದೆಯೇ ತಂಬಿಗೆಯನ್ನೂ ಗುಳಿಗೆಯನ್ನೂ ಕೈಯಿಂದ ಕೈಗೆ ದಾಟಿಸಿದರು. ಸುಧಾರಾಣಿ ನುಂಗಿ, ಬಾಯಿ ಒರೆಸಿಕೊಂಡು, ಮಗಳನ್ನು ಮತ್ತೆ ಎದೆಗೆ ಹಾಕಿಕೊಂಡಳು.

ವಾಪಸು ಬರುವಾಗ ಮುರಿಗೆವ್ವ ಟಂಟಂನಲ್ಲಿ ನನ್ನ ಪಕ್ಕ ಕೂತಿದ್ದರು. ಇಷ್ಟು ವರ್ಷ ಸುತ್ತಿದ್ದಕ್ಕೆ ಏನು ಬೇಕು ನಿಮಗೆ ಎಂದು ಕೇಳಿದೆ. ಅವರ ಮುಖದಲ್ಲಿ ನಗು ತಡೆಯಲಾರದಷ್ಟು ತುಂಬಿಕೊಂಡಿತ್ತು.

"ಸಿಕ್ಕೈತಿ ಬಿಡ್ರಿ. ಅಷ್ಟು ಮಂದಿ ನಡುವ ಅಕಿ ಗುಳಿಗಿ ಕೇಳಿದ್ಲಲ್ಲ, ಒಬ್ಬಾಕಿನೂ ತಿರುಗಿ ನೋಡ್ಲಿಲ್ಲ. ಎಲ್ಲಾರೂ ತಮ್ಮ ಪಾಡಿಗೆ ಗುಗ್ಗರಿ ತಿನ್ನಾಕತ್ತಿದ್ರು."