ಕಣ್ಣಿಗೆ ಕಾಣದವರಿಗೆ ಕೈ ಮುಗಿದದ್ದು

ಮೊನ್ನೆ ಕಪಾಟು ಜಾಡಿಸುವಾಗ ಔಷಧಿ ಚೀಟಿಯೊಂದು ಕೆಳಗೆ ಬಿತ್ತು. ಹಿಂಬದಿಯಲ್ಲಿ ಒಂದು ಸೊಟ್ಟ ವರ್ತುಲ, ಸುತ್ತ ಸಾಸಿವೆ ಚೆಲ್ಲಿದಂತೆ ಚುಕ್ಕೆಗಳು. ನೀವು ನೋಡಿದರೆ ಮಗು ಗೀಚಿದ್ದು ಅಂದುಕೊಳ್ಳುತ್ತೀರಿ. ಅಲ್ಲ, ಬರೆದವರು ದೊಡ್ಡ ಓದು ಓದಿದ ಡಾಕ್ಟರು. ಬರೆದದ್ದು ನಮ್ಮ ದೊಡ್ಡವ್ವನಿಗಾಗಿ.

ದೊಡ್ಡವ್ವ ಎಂದರೆ ಅಪ್ಪನ ಅಣ್ಣನ ಹೆಂಡತಿ. ದಿಗ್ಗೇವಾಡಿಯ ನಮ್ಮ ಜೈನರ ಮನೆಯಲ್ಲಿ ಅವಳಷ್ಟು ವ್ರತ ಹಿಡಿದವರು ಇನ್ನೊಬ್ಬರಿಲ್ಲ. ಹೊತ್ತು ಮುಳುಗಿದ ಮೇಲೆ ಊಟವಿಲ್ಲ, ಸೋಸದ ನೀರು ಮುಟ್ಟುವುದಿಲ್ಲ, ನೆಲದೊಳಗೆ ಬೆಳೆದದ್ದು ಒಲೆ ಹತ್ತುವಂತಿಲ್ಲ. ನನ್ನವ್ವ ಒಮ್ಮೆ ಬೀಗರಿಗೆಂದು ಬಟಾಟೆ ಪಲ್ಯ ಮಾಡಿದಾಗ, ಅವರೆದುರೇ ಪಾತ್ರೆ ಎತ್ತಿ ಎಮ್ಮೆಗೆ ಸುರಿದವಳು ಈ ದೊಡ್ಡವ್ವ. ಎಮ್ಮೆಗೇನು ವ್ರತ, ಗಬಗಬ ತಿಂದಿತು. ಅಂದಿನಿಂದ ಹನ್ನೊಂದು ವರ್ಷ ಇಬ್ಬರು ನೆಗೆಣ್ಣಿಯರ ನಡುವೆ ಮಾತಿಲ್ಲ. ಅಡುಗೆಮನೆ ಮಾತ್ರ ಒಂದೇ. "ಉಪ್ಪ ತೀರೈತಿ" ಎಂದು ಒಬ್ಬಳು ಗೋಡೆಗೆ ಹೇಳಿದರೆ, "ತರಸೂಣು" ಎಂದು ಇನ್ನೊಬ್ಬಳು ಒಲೆಗೆ ಹೇಳುತ್ತಿದ್ದಳು. ಜಗಳಕ್ಕೆ ಅಂಜುವ ನಾನು ಇದನ್ನೇ ಶಾಂತಿ ಎಂದು ನಂಬಿದ್ದೆ.

ಕಬ್ಬಿನ ಕೂಳೆ ಚುಚ್ಚಿದ ಕಾಲಿನ ಗಾಯವನ್ನು ದೊಡ್ಡವ್ವ ಒಂದು ವಾರ ಮುಚ್ಚಿಟ್ಟಳು. ನಂಜು ರಕ್ತಕ್ಕೇರಿ ಆಸ್ಪತ್ರೆ ಸೇರಿದಾಗ ಡಾಕ್ಟರು ಆ ವರ್ತುಲ ಬರೆದು ತೋರಿಸಿದರು.

"ಆಯೀ, ನಂಜು ಜೋರಾದಾಗ ನಮ್ಮ ಜೀವಕೋಶಗೋಳ ಸಣ್ಣ ಸಣ್ಣ ತುಣುಕ ಉದುರಸ್ತಾವ. ಅವು ರಕ್ತದಾಗ ತಿರಗ್ಯಾಡಿ ಅಲ್ಲಲ್ಲೆ ಹೆಪ್ಪ ಕಟ್ಟಸ್ತಾವ."

"ಅವಕ್ಕ ಜೀವ ಐತೇನ್ರಿ?"

"ಇಲ್ರಿ. ಬರೇ ಚೂರು."

"ಮತ್ತ ನಂಜಿನ ಹುಳಕ್ಕ?"

ಡಾಕ್ಟರು ಸತ್ಯವಂತರು, "ಐತ್ರಿ" ಅಂದುಬಿಟ್ಟರು. ದೊಡ್ಡವ್ವ ನರ್ಸಿನ ಸೂಜಿಗೆ ಚಾಚಿದ್ದ ಕೈಯನ್ನು ಸರಕ್ಕನೆ ಹಿಂದಕ್ಕೆಳೆದುಕೊಂಡಳು. "ನನ್ನೊಂದ ಜೀವಕ್ಕ ಅಷ್ಟ ಜೀವ ತಗೀಲೇನು? ಔಷಧ ಬ್ಯಾಡ್ರಿ."

"ಬ್ಯಾಡಂದ್ರ ನಾಳೆ ನೀವ ಇರೂದಿಲ್ರಿ."

ಡಿಗ್ರಿ ಮುಗಿಸಿದ ನಾನು ಹೂಡಿದ ವಾದ ಕೇಳಿ: "ದೊಡ್ಡವ್ವಾ, ಹುಳಾ ನಿನ್ನ ತಿನ್ನಾಕತ್ತಾವ, ಅವಕ್ಕೇನ ವ್ರತ ಐತಿ?" ಆಕೆ ಎಮ್ಮೆಯನ್ನು ನೋಡಿದಂತೆ ನನ್ನನ್ನು ನೋಡಿದಳು.

ಕೊನೆಗೆ ದಾರಿ ಹುಡುಕಿದವಳೂ ಅವಳೇ. ವರ್ಷಕ್ಕೊಮ್ಮೆ ಕ್ಷಮಾವಣಿಯ ದಿನ ನಾವು ಕಂಡಕಂಡವರ ಕ್ಷಮೆ ಕೇಳುತ್ತೇವಲ್ಲ (ಈ ನೆಗೆಣ್ಣಿಯರು ಅದನ್ನೂ ಗೋಡೆಗೇ ಕೇಳುತ್ತಿದ್ದರು), ಹಾಗೆ ಕೈ ಮುಗಿದು ಶುರುಮಾಡಿದಳು. ಮೊದಲು ಹುಳಗಳ ಕ್ಷಮೆ. ಆಮೇಲೆ ತುಣುಕುಗಳದು: "ಜೀವ ಇಲ್ಲಂದ್ರೇನಾತು, ನನ್ನ ಮೈಯಾಗಿನ ಮಂದಿ." ನರ್ಸ್ ಸೂಜಿ ಹಿಡಿದು ನಿಂತೇ ಇದ್ದಳು. ಅವಳ ಕ್ಷಮೆಯೂ ಆಯಿತು.

ಮಂಚದ ಕಾಲ ಬಳಿ ನಿಂತಿದ್ದ ನನ್ನವ್ವ ಹನ್ನೊಂದು ವರ್ಷದ ಮೇಲೆ ಬಾಯಿ ಬಿಟ್ಟಳು. "ಅಕ್ಕಾರ, ಕಣ್ಣಿಗೆ ಕಾಣಲಾರದವರಿಗೆಲ್ಲಾ ಕೈ ಮುಗದ್ರಿ. ನಾ ಕಾಣಸೂದಿಲ್ಲೇನ್ರಿ?"

ದೊಡ್ಡವ್ವನ ಮುಗಿದ ಕೈ ಹಾಗೇ ನಿಂತಿತು. "ನೀ ಬಟಾಟಿ ಮಾಡಿದ್ದು ತಪ್ಪ" ಅಂದಳು. ಆಮೇಲೆ ಕೈಯನ್ನು ಅವ್ವನ ಕಡೆ ತಿರುಗಿಸಿ, "ಮಂದಿ ಮುಂದ ಚೆಲ್ಲಿದ್ದು ನಂದ ತಪ್ಪ. ಕ್ಷಮಾ ಮಾಡ, ಸುಮನಾ."

ಅವ್ವ ಅಳುತ್ತಲೇ ಆ ಕೈಯನ್ನು ಹಿಡಿದು ನರ್ಸಿನ ಮುಂದೆ ಚಾಚಿದಳು. "ಲಗೂನ ಚುಚ್ಚ್ರಿ, ಮತ್ತ್ಯಾರರ ನೆನಪಾದಾರು!"

ದೊಡ್ಡವ್ವ ಉಳಿದಳು. ಈಗ ಇಬ್ಬರೂ ದಿನಕ್ಕೆ ಹತ್ತು ಸಲ ಜಗಳಾಡುತ್ತಾರೆ. ಮೊನ್ನೆ ನಾನು ಆ ಚೀಟಿ ಹಿಡಿದು ನಿಂತಾಗಲೂ ಒಳಗೆ ಜೋರು ನಡೆದಿತ್ತು. ಇದ್ದಕ್ಕಿದ್ದಂತೆ ಸದ್ದು ನಿಂತಿತು. ಹಿಂದೆಲ್ಲ ಆಗಿದ್ದರೆ ಹಾಯಾಗಿ ಕೂರುತ್ತಿದ್ದೆ. ಈಗ ಅಡುಗೆಮನೆಗೆ ಓಡಿದೆ. ಇಬ್ಬರೂ ಬಾಯಿ ತುಂಬ ಚುರುಮುರಿ ಹಾಕಿಕೊಂಡಿದ್ದರು, ಅಷ್ಟೆ.