ಗೆಣ್ಣು ದಾಟದ ಉಂಗುರ

ನಾನು ಚಿಕ್ಕವನಿದ್ದಾಗ ಒಂದೇ ಒಂದು ಅಕ್ಷರದ ಸುಳ್ಳು ಹೇಳಿ, ಅದನ್ನು ಒಂದು ತಿಂಗಳು ಹೊಟ್ಟೆಯಲ್ಲಿಟ್ಟುಕೊಂಡು ತಿರುಗಿದ್ದೆ. ನಿಮ್ಮ ಅಜ್ಜ ನೀವು ತಿಳಿದುಕೊಂಡಷ್ಟು ಒಳ್ಳೆಯ ಹುಡುಗನಾಗಿರಲಿಲ್ಲ ಮಕ್ಕಳೇ. ಇದು ನಿಮಗೂ ಗೊತ್ತಿರಲಿ.

ಆಗ ನಾವು ಡೊಂಬಿವಲಿಯ ಕಾರ್ಖಾನೆಗಳ ಪ್ರದೇಶ ಎಂಐಡಿಸಿಯ ಬೆನ್ನಿಗೆ, ಸಾಲುಮನೆಗಳ ಒಂದು ಚಾಳಿನಲ್ಲಿದ್ದೆವು. ವಿಜಯಪುರದ ಕಡೆಯಿಂದ ಬಂದ ಅಪ್ಪ ಬಣ್ಣದ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ. ಅವನ ಅಂಗಿ, ಕೂದಲು, ಬುತ್ತಿ ಡಬ್ಬಿ ಎಲ್ಲಕ್ಕೂ ಕಾರ್ಖಾನೆಯ ಕಮಟು ವಾಸನೆ. ಗಾಳಿ ನಮ್ಮ ಕಡೆ ತಿರುಗಿದ ದಿನ ಬೇಳೆ ಸಾರು ಕೂಡ ಅದೇ ವಾಸನೆ ಹೊಡೆಯುತ್ತಿತ್ತು. ಅವ್ವ ತೀರಿಕೊಂಡು ವರ್ಷ ದಾಟಿತ್ತು. ಮನೆಯಲ್ಲಿ ಅಪ್ಪ, ಅಕ್ಕ, ನಾನು ಮೂವರೇ. ಅಕ್ಕ ರೊಟ್ಟಿ ಬಡಿಯುವ ಸದ್ದು ಮಾತ್ರ ಥೇಟ್ ಅವ್ವನದೇ ಇತ್ತು. ಬೆಳಿಗ್ಗೆ ಕಣ್ಣು ಬಿಡದೆ ಅದನ್ನು ಕೇಳುತ್ತ ಮಲಗಿರುವುದು ನನಗೆ ಇಷ್ಟ.

ಅಕ್ಕನಿಗೆ ಹತ್ತಿರದ ಕಲ್ಯಾಣ ಊರಿನ ಒಂದು ಸಂಬಂಧ ಕೂಡಿಬಂತು. ಹುಡುಗ ನಮ್ಮ ಊರ ಕಡೆಯವರೇ, ಸ್ಟೇಷನ್ನಿನ ಹತ್ತಿರ ಗೋದಾಮಿನಲ್ಲಿ ಹಮಾಲಿ ಮಾಡುತ್ತಿದ್ದರು. ಅವರನ್ನು ನಾನು ಆಗಲೇ ಭಾವ ಎಂದು ಕರೆಯಲು ಶುರು ಮಾಡಿದ್ದೆ. ನಿಶ್ಚಯದ ದಿನ ಹುಡುಗನ ಬೆರಳಿಗೆ ಹೆಣ್ಣಿನ ತಂದೆ ಉಂಗುರ ಹಾಕಬೇಕು. ಅಪ್ಪ ಟ್ರಂಕು ತೆಗೆದು ಅವ್ವನ ತಾಳಿಯ ಎರಡು ಬಂಗಾರದ ಗುಂಡುಗಳನ್ನು ಹೊರಗಿಟ್ಟ.

"ಇವನ್ನ ಕರಗಿಸಿ ಉಂಗರಾ ಮಾಡಸೂಣು. ನಿಮ್ಮವ್ವನೂ ಬಂದು ಕುಂತಂಗ ಆಗ್ತದ," ಎಂದ. ಅಕ್ಕ ಅವನ್ನು ಸ್ವಲ್ಪ ಹೊತ್ತು ಕೆನ್ನೆಗೆ ಒತ್ತಿಕೊಂಡಿದ್ದು ಅಪ್ಪನ ಕೈಗೆ ಮರಳಿಸಿದಳು.

ಅಪ್ಪನಿಗೆ ಪಾಳಿ ಬಿಡುವಂತಿರಲಿಲ್ಲ. ಬೆರಳಿನ ಅಳತೆ ತರಲು ನನ್ನನ್ನು ಕಳಿಸಿದ. ಒಂದು ಮೊಳ ಹೊಲಿಗೆಯ ದಾರ ಕೈಗಿಟ್ಟು, "ಬೆರಳಿನ ಬುಡಕ್ಕ ಕಟ್ಟು, ಆದರ ಕಟ್ಟಿದ ಕುಣಿಕಿ ಗೆಣ್ಣು ದಾಟಿ ಹೊರಗ ಬರಬೇಕು ನೋಡು. ಬಂದರಷ್ಟೇ ಅದು ಅಳತಿ," ಎಂದು ಎರಡು ಸಲ ಹೇಳಿದ. ಲೋಕಲ್ ರೈಲಿನಲ್ಲಿ ಒಬ್ಬನೇ ಹೋಗುವ ಸಂಭ್ರಮದಲ್ಲಿ ನಾನು ಎರಡು ಸಲವೂ ಹೂಂಗುಟ್ಟಿದೆ.

ಗೋದಾಮಿನ ಬಾಗಿಲಲ್ಲಿ ಭಾವ ಬೆರಳು ಚಾಚಿದರು. ಚೀಲ ಎತ್ತಿ ಎತ್ತಿ ಅವರ ಗೆಣ್ಣುಗಳು ಅಡಿಕೆಯಂತೆ ಉಬ್ಬಿದ್ದವು, ಬೆರಳಿನ ಬುಡ ಮಾತ್ರ ಸಣ್ಣ. ನಾನು ಬುಡಕ್ಕೆ ಬಿಗಿಯಾಗಿ ಕಟ್ಟಿದೆ. ಎಳೆದರೆ ದಾರ ಗೆಣ್ಣಿನ ಹತ್ತಿರ ನಿಂತಿತು. ಬಿಚ್ಚಿ ಸಡಿಲವಾಗಿ ಕಟ್ಟಬೇಕಿತ್ತು. ಆದರೆ ಅಷ್ಟರಲ್ಲಿ ಭಾವ ತರಿಸಿದ ಬಿಸಿ ವಡಾಪಾವ್ ಬಂದಿತ್ತು! ದಾರವನ್ನು ಬ್ಲೇಡಿನಿಂದ ಕತ್ತರಿಸಿ ತೆಗೆದು, ಕಾಗದದಲ್ಲಿ ಸುತ್ತಿ ಕಿಸೆಗಿಟ್ಟೆ. ಭಾವನಿಗೂ ತಿಳಿಯಲಿಲ್ಲ. ಅವರು ಅದುವರೆಗೆ ಉಂಗುರ ಹಾಕಿದವರೇ ಅಲ್ಲ.

ಸಂಜೆ ಅಪ್ಪ ಕೇಳಿದ. "ಗೆಣ್ಣು ದಾಟಿತೇನು?"

"ಹೂಂ," ಎಂದೆ.

ಅದೇ ದಾರದ ಅಳತೆಗೆ ಅಪ್ಪ ಉಂಗುರ ಮಾಡಿಸಿದ. ತಿಂಗಳಾದ ಮೇಲೆ, ನಿಶ್ಚಯದ ದಿನ ಬೆಳಿಗ್ಗೆ ಚಾಳಿನ ಪಡಸಾಲೆಗೆ ಜಮಖಾನೆ ಹಾಸಿದರು. ಕಡುಬು ಕರಿದ ಎಣ್ಣೆಯ ಘಮ ಅವತ್ತು ಕಾರ್ಖಾನೆಯ ವಾಸನೆಯನ್ನೂ ಗೆದ್ದಿತ್ತು. ಅಕ್ಕ ಹಸಿರು ಸೀರೆ ಉಟ್ಟು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಅಪ್ಪ ಇದು ಅವ್ವನ ತಾಳಿಯ ಬಂಗಾರ ಎಂದು ಎಲ್ಲರಿಗೂ ಹೇಳಿ, ಉಂಗುರವನ್ನು ಕಣ್ಣಿಗೊತ್ತಿಕೊಂಡು ಭಾವನ ಬೆರಳಿಗೆ ಹಾಕಿದ. ಅದು ಗೆಣ್ಣಿನ ಹತ್ತಿರ ನಿಂತಿತು. ಅಪ್ಪ ತಿರುವಿ ನೋಡಿದ, ಒತ್ತಿ ನೋಡಿದ. ಯಾರೋ ಕೊಬ್ಬರಿ ಎಣ್ಣೆ ತಂದರು, ಆಮೇಲೆ ಸಾಬೂನು ತಂದರು. ಗೆಣ್ಣು ಕೆಂಪಾಗಿ ಊದಿಕೊಂಡಿತೇ ಹೊರತು ಉಂಗುರ ಒಳಗೆ ಇಳಿಯಲಿಲ್ಲ.

"ಅಳತಿ ಬರೋಬರಿ ಇತ್ತರೀ," ಎಂದ ಅಪ್ಪ. "ನನ್ನ ಮಗಾನೇ ತಂದಾನ."

ನಾನು ಅಪ್ಪನ ಕಣ್ಣು ತಪ್ಪಿಸಿ ಹಿಂದೆ ಸರಿದೆ. ಆಗ ಭಾವನ ಸೋದರತ್ತೆ ಸೆರಗು ಸರಿಮಾಡಿಕೊಂಡು ಮೆಲ್ಲಗೆ, ಆದರೆ ಎಲ್ಲರಿಗೂ ಕೇಳುವಂತೆ ಹೇಳಿದಳು. "ಸತ್ತಾಕಿ ಕೊಳ್ಳಾಗಿನ ಬಂಗಾರ ಅದು. ಆಕಿಗೇ ಮನಸ್ಸಿಲ್ಲಂದ್ರ ಬೆರಳಿಗೆ ಹ್ಯಾಂಗ ಇಳಿದೀತು? ಈ ಸಂಬಂಧ ಇನ್ನೊಮ್ಮೆ ವಿಚಾರ ಮಾಡೂಣು."

ನಾನು ಅಕ್ಕನ ಮುಖ ನೋಡಿದೆ. ಅವಳು ಅಳುತ್ತಿರಲಿಲ್ಲ. ಆ ಮಾತನ್ನು ನಂಬುತ್ತಿದ್ದಳು. ಅವ್ವ ತನ್ನನ್ನು ಬೇಡ ಅಂದಳು ಎನ್ನುವ ಹಾಗೆ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಅದನ್ನು ನನ್ನಿಂದ ನೋಡಲಾಗಲಿಲ್ಲ.

"ಅವ್ವಂದೇನೂ ತಪ್ಪಿಲ್ಲರೀ!" ನನ್ನ ದನಿ ನನಗೇ ಗುರುತು ಸಿಗಲಿಲ್ಲ. "ದಾರ ಗೆಣ್ಣು ದಾಟಿದ್ದಿಲ್ಲ. ನಾ ಕತ್ತರಿಸಿ ತಂದೆ. ಅಪ್ಪಗ ಸುಳ್ಳು ಹೇಳಿದೆ."

ಅಪ್ಪ ಎದ್ದು ಬಂದ. ನಾನು ಕಣ್ಣು ಮುಚ್ಚಿ ಏಟಿಗೆ ಕಾದೆ. ಅವನು ನನ್ನ ರಟ್ಟೆ ಹಿಡಿದು, "ನಡಿ," ಎಂದ. "ಪತ್ತಾರನ ಮುಂದೂ ಇದನ್ನ ಹೇಳು. ಇಲ್ಲಾಂದ್ರ ಅಂವ ತನ್ನ ಕೈ ತಪ್ಪಿತು ಅಂತ ತಿಳದಾನು." ಭಾವನೂ ಚಪ್ಪಲಿ ಮೆಟ್ಟಿ ನಮ್ಮ ಜೊತೆ ಹೊರಟರು. ಬೆರಳು ಅವರದಲ್ಲವೇ.

ಪತ್ತಾರ ಅಂದರೆ ನಮ್ಮ ಕಡೆ ಬಂಗಾರದ ಕೆಲಸದವನು. ಮುಂದಿನ ಗಲ್ಲಿಯಲ್ಲಿ ಅವನ ಅಂಗಡಿ. ನಾನು ತಲೆ ತಗ್ಗಿಸಿ ಎಲ್ಲ ಒಪ್ಪಿಸಿದೆ. ಅವನು ಬೈಯಲಿಲ್ಲ. ಭಾವನ ಕೈಯನ್ನು ತಣ್ಣೀರಿನಲ್ಲಿ ಅದ್ದಿಸಿ, ಊತ ಇಳಿಯುವ ತನಕ ಕೂರಿಸಿದ. ಆಮೇಲೆ ಒಂದು ತಂತಿಯಲ್ಲಿ ಪೋಣಿಸಿದ್ದ ಹಿತ್ತಾಳೆಯ ಉಂಗುರಗಳನ್ನು ಒಂದೊಂದಾಗಿ ತೊಡಿಸಿ ನೋಡಿದ.

"ಗೆಣ್ಣಿನ ಮ್ಯಾಲ ತುಸು ತಡದು ಒಳಗ ಹೋಗಬೇಕು. ಬರೂಮುಂದ ಇನ್ನೊಂಚೂರು ತಡೀಬೇಕು. ಅದು ಖರೇ ಅಳತಿ," ಎಂದು ನನಗೇ ಹೇಳಿಕೊಟ್ಟ.

ಆಮೇಲೆ ಬಂಗಾರದ ಉಂಗುರವನ್ನು, ಒಂದು ತುದಿ ಸಣ್ಣಗೆ ಒಂದು ತುದಿ ದಪ್ಪಗೆ ಇರುವ ಉಕ್ಕಿನ ಕೋಲಿಗೆ ಏರಿಸಿದ. ಕೋಲಿನ ಮೇಲೆ ಅಳತೆಯ ಗೀಟುಗಳಿದ್ದವು. ನಮ್ಮ ಉಂಗುರ ಇನ್ನೂ ಎರಡು ಗೀಟು ಹಿಗ್ಗಬೇಕಿತ್ತು. "ಭಾಳ ತೆಳ್ಳಗದ. ಸೀಳಿದರ ನಾ ಜವಾಬ್ದಾರಲ್ಲ," ಎಂದ. ಅಪ್ಪ ಆಗಲಿ ಎಂದು ತಲೆಯಾಡಿಸಿದ. ಕೂಡಿಸಲು ಬೇರೆ ಬಂಗಾರ ಎಲ್ಲಿತ್ತು ನಮ್ಮಲ್ಲಿ?

ಪತ್ತಾರ ಉಂಗುರ ಕಾಯಿಸಿದ, ಆರಿಸಿದ, ಕೋಲಿಗೇರಿಸಿ ಕಟ್ಟಿಗೆಯ ಸುತ್ತಿಗೆಯಿಂದ ಟಕ್ ಟಕ್ ಎಂದು ತಟ್ಟಿದ, ತಿರುವಿ ಮತ್ತೆ ತಟ್ಟಿದ. ಒಂದೊಂದು ಏಟಿಗೂ ಅಪ್ಪನ ಕಣ್ಣು ಮುಚ್ಚಿ ತೆರೆಯುತ್ತಿತ್ತು. ನನಗೆ ಹೊಡೆಯದ ಏಟನ್ನೆಲ್ಲ ಅವನು ಅಲ್ಲಿ ಕುಳಿತು ತಿಂದ. ಉಂಗುರ ಸೀಳಲಿಲ್ಲ. ಭಾವನ ಗೆಣ್ಣಿನ ಮೇಲೆ ಒಂದು ಗಳಿಗೆ ನಿಂತು, ದಾಟಿ, ಒಳಗೆ ಕುಳಿತಿತು. ಬುಡದಲ್ಲಿ ಸಡಿಲವಾಗಿ ತಿರುಗುತ್ತಿತ್ತು. ಪತ್ತಾರ ಉಂಗುರದ ಕೆಳಭಾಗಕ್ಕೆ ನಾಲ್ಕು ಸುತ್ತು ದಾರ ಸುತ್ತಿಕೊಟ್ಟ.

ಮನೆಗೆ ಬಂದು ಅಪ್ಪ ಎಲ್ಲರ ಮುಂದೆ ಅದನ್ನು ಮತ್ತೊಮ್ಮೆ ತೊಡಿಸಿದ. ಸೋದರತ್ತೆ ಬಾಗಿ ನೋಡಿ, "ಇಳೀತಲ್ಲ, ಮುಗೀತು," ಎಂದು ಕಡುಬಿಗೆ ಕೈ ಹಾಕಿದಳು. ಅಪ್ಪ ನನ್ನ ಜೊತೆ ಎರಡು ದಿನ ಮಾತಾಡಲಿಲ್ಲ. ಏಟಾಗಿದ್ದರೆ ಅರ್ಧ ಗಂಟೆಯಲ್ಲಿ ಮರೆತುಬಿಡುತ್ತಿದ್ದೆ. ಅಕ್ಕ ಮಾತ್ರ ಅದೇ ಮಧ್ಯಾಹ್ನ ಪಾತ್ರೆ ತಿಕ್ಕುತ್ತ ನನ್ನನ್ನು ಕರೆದಳು.

"ನೀ ಹೇಳದಿದ್ರ, ಅವ್ವಗ ಮನಸ್ಸಿರಲಿಲ್ಲ ಅಂತ ನಾ ಸಾಯೂತನಕ ತಿಳಕೊಂಡಿರತಿದ್ದೆ," ಎಂದು ಬೂದಿ ಹತ್ತಿದ ಕೈಯಿಂದಲೇ ನನ್ನ ತಲೆ ಸವರಿದಳು.

ಮೊನ್ನೆ ನೆರೂಳದ ನಮ್ಮ ಈ ಫ್ಲ್ಯಾಟಿಗೆ ನಿಮ್ಮ ದೊಡ್ಡಣ್ಣನ ನಿಶ್ಚಯದ ಉಂಗುರ ಪುಟ್ಟ ಡಬ್ಬಿಯಲ್ಲಿ ಬಂತು. ತೊಡಿಸಿದರೆ ಬಿಗಿ. ನಾನು ಕುರ್ಚಿಯಿಂದ ಎದ್ದುಬಿಟ್ಟೆ. ಅವನು ನಕ್ಕು, "ಅಜ್ಜ, ಟೆನ್ಶನ್ ಮತ್ ಲೋ, ರಿಟರ್ನ್ ಹೋ ಜಾಯೇಗಾ," ಎಂದ. ಚಿಂತೆ ಬೇಡ, ಮರಳಿಸಬಹುದು ಎಂದು. ಫೋನಿನಲ್ಲಿ ಅಳತೆಯ ನಂಬರು ಬದಲಿಸಿದ, ಎರಡೇ ದಿನಕ್ಕೆ ಇನ್ನೊಂದು ಬಂತು. ಯಾರೂ ಯಾರನ್ನೂ ದೂರಲಿಲ್ಲ, ಯಾವ ಅಕ್ಕನೂ ಬಾಗಿಲು ಹಿಡಿದು ನಿಲ್ಲಲಿಲ್ಲ. ನಿಮ್ಮ ಕಾಲದ ಈ ಸುಖ ನನಗೆ ನಿಜಕ್ಕೂ ಇಷ್ಟ. ನಮ್ಮ ಉಂಗುರಕ್ಕೆ ಮರಳಿ ಹೋಗಲು ಜಾಗವಿರಲಿಲ್ಲ, ಮಕ್ಕಳೇ. ಅವತ್ತು ಆ ತುಂಬಿದ ಪಡಸಾಲೆಯಲ್ಲಿ ಅವ್ವನ ಪರವಾಗಿ ಮಾತಾಡಲು ನನ್ನನ್ನು ಬಿಟ್ಟರೆ ಯಾರೂ ಇರಲಿಲ್ಲ.